ಹಸಿರು ದಾರ ಕಟ್ಟಿದ ವೈರು

ಮಾನ್ವಿಯ ಅಕ್ಕಿ ಗಿರಣಿಯ ಸಾಹುಕಾರರು ಫೋನ್ ಮಾಡಿದ್ದು ನಮ್ಮವರು ತೀರಿಕೊಂಡ ನಾಲ್ಕನೆಯ ತಿಂಗಳಿಗೆ. ಮುಚ್ಚಿದ್ದ ಅಂಗಡಿಯನ್ನು ನಾನು ಮತ್ತೆ ತೆರೆದು ಹದಿನೈದು ದಿನವಾಗಿತ್ತಷ್ಟೇ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ನಮ್ಮದು ಹತ್ತಡಿ ಅಗಲದ ಅಂಗಡಿ. ಆಂಪ್ಲಿಫೈಯರು, ಸ್ಪೀಕರು ರಿಪೇರಿ ಮಾಡುತ್ತೇವೆ. ಕರೆದವರ ಮನೆಗೆ ಹೋಗಿ ಹಾಡು ಕೇಳುವ ಸೆಟ್ಟು ಜೋಡಿಸಿ ಕೊಡುತ್ತೇವೆ. ನಾನು ಹತ್ತನೆಯವರೆಗೆ ಓದಿದವಳು. ಕೆಲಸ ಕಲಿತದ್ದು ಅವರ ಪಕ್ಕದಲ್ಲಿ ಕೂತು. ಅವರು ಕೇಳಿ ಹೇಳುತ್ತಿದ್ದರು, ನಾನು ಬೆಸುಗೆ ಹಾಕುತ್ತಿದ್ದೆ. ನಾನು ಮಾಡಿದ ಪ್ರತಿಯೊಂದು ವೈರಿನ ತುದಿಗೆ ಹಸಿರು ದಾರ ಎರಡು ಸುತ್ತು ಸುತ್ತಿ ಗಂಟು ಹಾಕುತ್ತೇನೆ. ನಾಳೆ ಕೆಟ್ಟರೆ ಯಾರ ಕೈಯದೆಂದು ಗೊತ್ತಾಗಬೇಕು ಎಂದು ಅವರೇ ಹಚ್ಚಿದ ರೂಢಿ ಅದು.

“ತಂಗೀ, ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ,” ಎಂದರು ಸಾಹುಕಾರರು. “ನಿಮ್ಮ ಮನಿಯವ್ರು ನಮಗ ಹಾಕಿದ ವೈರು ಡಿಶ್ ಟೀವಿದೇನು?”

ಹೌದು ಎಂದೆ. ನಾನು ಇಲ್ಲ ಎನ್ನಲಿ ಎಂದು ಅವರು ಕಾದಿದ್ದರೆಂದು ನನಗೆ ಆಮೇಲೆ ಹೊಳೆಯಿತು.

ಆ ಮನೆಯ ಕೆಲಸ ನನಗೆ ಚೆನ್ನಾಗಿ ನೆನಪಿತ್ತು. ಎರಡು ವರ್ಷದ ಹಿಂದೆ ಸಾಹುಕಾರರ ತಾಯಿ ಇದ್ದರು. ನಡೆಯಲಾಗದೆ ಪಡಸಾಲೆಯಲ್ಲೇ ಮಂಚ ಹಾಕಿಸಿಕೊಂಡಿದ್ದರು. ಜೀವಮಾನವೆಲ್ಲ ಭಜನೆಯಲ್ಲಿ ತತ್ವಪದ ಹಾಡಿದ ಹೆಣ್ಣುಮಗಳು. ಆ ಪದಗಳು ಅವರ ಜೊತೆಗೇ ಹೋಗಬಾರದೆಂದು ಮಗ ನಮ್ಮನ್ನು ಕರೆಸಿದರು. ಮೂರು ಮಧ್ಯಾಹ್ನ ಅದೇ ಪಡಸಾಲೆಯಲ್ಲಿ ಕೂತು ಹನ್ನೊಂದು ಪದ ರೆಕಾರ್ಡ್ ಮಾಡಿದೆವು. ಮೈಕು ಹಿಡಿದವಳು ನಾನು. ಆಮೇಲೆ ಅದನ್ನು ಕೇಳಲು ಸೆಟ್ಟು ಕೂಡಿಸಿದೆವು: ಹಾಡುಗಳನ್ನು ತುಂಬಿದ ಪ್ಲೇಯರು, ಅದು ಕಳಿಸುವ ಅಂಕಿಗಳನ್ನು ಧ್ವನಿಯಾಗಿಸುವ ಕನ್ವರ್ಟರು, ಆಂಪ್ಲಿಫೈಯರು, ಎರಡು ದೊಡ್ಡ ಸ್ಪೀಕರು. ಪ್ಲೇಯರಿಗೂ ಕನ್ವರ್ಟರಿಗೂ ನಡುವೆ ಒಂದೂವರೆ ಮೀಟರಿನ ಡಿಜಿಟಲ್ ಕೇಬಲ್. ಅದಕ್ಕೆ ನಮ್ಮವರು ಆರಿಸಿದ್ದು ಮಾಳಿಗೆಯ ಡಿಶ್ಶಿನಿಂದ ಟೀವಿಗೆ ಎಳೆಯುವ ವೈರನ್ನೇ. ಈ ಕೆಲಸಕ್ಕೆ ಬೇಕಾದದ್ದು ಎಪ್ಪತ್ತೈದು ಓಮಿನ ವೈರು, ಡಿಶ್ಶಿನದೂ ಎಪ್ಪತ್ತೈದೇ. ತುದಿಗೆ ಪಿನ್ನು ಬೆಸೆದು ದಾರ ಕಟ್ಟಿದವಳು ನಾನು.

ತಾಯಿ ಹೋದ ಮೇಲೆ ಒಂದು ವರ್ಷ ಸಾಹುಕಾರರಿಗೆ ಆ ಹಾಡು ಹಾಕುವ ಧೈರ್ಯ ಬರಲಿಲ್ಲವಂತೆ. ವರ್ಷದ ಕಾರ್ಯ ಮುಗಿಸಿ ಹಾಕಿದರೆ ದನಿ ಬೇರೆಯಾಗಿತ್ತು. ತಾಯಿ ಬಾವಿಯೊಳಗೆ ನಿಂತು ಹಾಡಿದಂತೆ ತೆಳ್ಳಗೆ, ತುದಿಯಲ್ಲಿ ತಗಡು ಬಡಿದಂತೆ. ಹೈದರಾಬಾದಿನಿಂದ ಸೆಟ್ಟು ಮಾರುವ ಒಬ್ಬ ಅಂಗಡಿಯವನನ್ನು ಕರೆಸಿದ್ದಾರೆ. ಆತ ಕಪಾಟಿನ ಹಿಂದೆ ಬಗ್ಗಿ ನೋಡಿ, ಹಸಿರು ದಾರದ ವೈರನ್ನು ಎತ್ತಿ ಹಿಡಿದು ನಕ್ಕನಂತೆ. ಇಂಥ ವೈರಿನಲ್ಲಿ ಅಂಕಿಗಳು ಬರಬೇಕಾದ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಒಂದು ಮುಂದೆ ಒಂದು ಹಿಂದೆ ಬೀಳುತ್ತದೆ, ಅದಕ್ಕೆ ಜಿಟ್ಟರ್ ಎನ್ನುತ್ತಾರೆ, ಅದರಿಂದಲೇ ದನಿ ಸೊರಗಿದೆ ಎಂದು ತಿಳಿಸಿ, ಮರದ ಪೆಟ್ಟಿಗೆಯಲ್ಲಿಟ್ಟ ಒಂದು ಕೇಬಲ್ಲನ್ನು ನೋಡಲೆಂದು ಬಿಟ್ಟುಹೋಗಿದ್ದ.

“ಹಾಕಿ ನೋಡಿದ್ವಿ. ಜರಾ ಸುಧಾರಿಸೇದ ಅನಸ್ತದ,” ಎಂದರು ಸಾಹುಕಾರರು. “ನಮ್ಮವ್ವನ ದನಿಗೆ ಡಿಶ್ಶಿನ ವೈರ್ ಹಾಕಿದ್ರಲ್ಲ ತಂಗಿ. ನಾ ನಿಮ್ಮವರ್ನ ಭಾಳ ನಂಬಿದ್ದೆ.”

ಬೇರೆಯವರಿಗೆ ಈ ಮಾತು ಹೇಳುವ ಮೊದಲು ನನ್ನನ್ನು ಕೇಳಿದ್ದು ಅವರ ದೊಡ್ಡತನ. ಮಾನ್ವಿಯಲ್ಲಿ ಇನ್ನೂ ಮೂರು ಮನೆಗಳಲ್ಲಿ ನಮ್ಮ ಸೆಟ್ಟುಗಳಿದ್ದವು, ಎಲ್ಲದರಲ್ಲೂ ಹಸಿರು ದಾರವಿತ್ತು. ನಮ್ಮವರು ಬಿಟ್ಟುಹೋದದ್ದು ಅಷ್ಟೇ: ಆ ವೈರುಗಳು, ಮತ್ತು ಮೋಸ ಮಾಡದ ಮನುಷ್ಯ ಎಂಬ ಒಂದು ಹೆಸರು. ಅವರು ತಮ್ಮ ಪರವಾಗಿ ಮಾತಾಡಲು ಇರಲಿಲ್ಲ. ಪರೀಕ್ಷೆ ಮಾಡಿ ತೋರಿಸುತ್ತೇನೆ, ಅಲ್ಲಿಯವರೆಗೆ ಏನನ್ನೂ ಕಿತ್ತುಹಾಕಬೇಡಿ ಎಂದು ಕೇಳಿಕೊಂಡೆ.

ನನಗೆ ಇನ್ನೊಂದು ತೊಡಕಿತ್ತು. ಸಾಹುಕಾರರು ಮತ್ತೆ ಮತ್ತೆ ಕೇಳುವುದು ಏಳನೆಯ ಪದ. ದನಿ ಕೆಟ್ಟಿದೆ ಎಂಬ ದೂರು ಅದರ ಮೇಲೇ. ಪರೀಕ್ಷೆ ಅದರಲ್ಲೇ ಆಗಬೇಕು. ಆ ಪದ ಮುಗಿದ ಮೇಲೆ, ರೆಕಾರ್ಡರ್ ನಿಲ್ಲಿಸುವ ಮೊದಲು, ನಮ್ಮವರು ಏನೋ ಮಾತಾಡಿದ್ದಾರೆ. ಏನೆಂಬುದು ಮರೆತಿತ್ತು, ಮಾತಾಡಿದ್ದು ನೆನಪಿತ್ತು. ನಾಲ್ಕು ತಿಂಗಳಲ್ಲಿ ನಾನು ಅವರ ದನಿ ಕೇಳಿರಲಿಲ್ಲ. ಅವರ ಫೋನನ್ನು ಚಾರ್ಜ್ ಕೂಡ ಮಾಡಿರಲಿಲ್ಲ. ಕೊನೆಯ ನುಡಿ ಮುಗಿಯುವ ಮೊದಲೇ ಪ್ರತಿ ಸಲ ನಿಲ್ಲಿಸಿದರಾಯಿತು ಎಂದು ಲೆಕ್ಕ ಹಾಕಿಕೊಂಡು ಮಾನ್ವಿ ಬಸ್ಸು ಹತ್ತಿದೆ.

ನಮ್ಮವರಿಗೆ ಕೆಲಸ ಶುರು ಮಾಡುವ ಒಂದು ಕ್ರಮವಿತ್ತು. ಯಾರ ಮನೆಗೆ ಹೋದರೂ ಚೀಲ ಕೆಳಗಿಡುವ ಮೊದಲು ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯುತ್ತಿದ್ದರು. ಜೋರಾಗಿ, ಒಂದೇ ಒಂದು. ಆಮೇಲೆ ತಲೆ ವಾರೆ ಮಾಡಿ ನಿಲ್ಲುತ್ತಿದ್ದರು. ಮನೆಯವರು ನಗುತ್ತಿದ್ದರು. ಪೂಜಾರಿ ಬಂದ ಎನ್ನುತ್ತಿದ್ದರು. ಅವತ್ತು ನಾನು ಆ ಪಡಸಾಲೆಯ ಹೊಸ್ತಿಲು ದಾಟಿದಾಗ ಎದುರು ಗೋಡೆಯ ಮೇಲೆ ಸಾಹುಕಾರರ ತಾಯಿಯ ಫೋಟೋ, ಅದಕ್ಕೆ ಹಾರ, ಕೆಳಗೆ ವಿಭೂತಿ ಗಟ್ಟಿ. ಸಾಹುಕಾರರ ಹೆಂಡತಿ ನನ್ನ ಬರಿಗೊರಳನ್ನು ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದರು. ಗಂಡ ಸತ್ತು ನಾಲ್ಕು ತಿಂಗಳಾದ ಹೆಂಗಸು ಸಾವಾದ ಮನೆಯ ಪಡಸಾಲೆಯಲ್ಲಿ ನಿಂತು ಚಪ್ಪಾಳೆ ಹೊಡೆಯುವುದು ಹೇಗೆ? ನಾನು ಸುಮ್ಮನೆ ಚೀಲ ಕೆಳಗಿಟ್ಟು ಕೆಲಸಕ್ಕೆ ಕೂತೆ.

ಮೊದಲು ನಾನೇ ಕೇಳಿದೆ. ಸಾಹುಕಾರರು ಹೇಳಿದ್ದು ಸುಳ್ಳಲ್ಲ. ದನಿ ನಿಜವಾಗಿ ತೆಳುವಾಗಿತ್ತು. ಪದದ ಕೊನೆಯ ಅಕ್ಷರ ಎಳೆದಲ್ಲೆಲ್ಲ ಹಿಂದೆ ಒಂದು ಗೀರು ಎದ್ದಂತೆ. ನಾವು ಜೋಡಿಸಿಕೊಟ್ಟ ದಿನ ಹೀಗಿರಲಿಲ್ಲ. ಆ ಮುದುಕಿ ತಮ್ಮದೇ ಹಾಡು ಕೇಳಿ, ಇದೇನು ನಾನಾ, ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದರು. ವೈರು ತೆಗೆದು ಮೀಟರ್ ಹಚ್ಚಿ ನೋಡಿದೆ. ನನ್ನ ಬೆಸುಗೆ ಹಾಗೇ ಇತ್ತು, ಎಲ್ಲೂ ಸಡಿಲವಿರಲಿಲ್ಲ.

ಪರೀಕ್ಷೆ ಹೀಗೆ: ಸಾಹುಕಾರರು ನನಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂರಬೇಕು. ನಾನು ಕಪಾಟಿನ ಹಿಂದೆ ಒಮ್ಮೆ ನಮ್ಮ ವೈರು, ಒಮ್ಮೆ ಪೆಟ್ಟಿಗೆಯ ಕೇಬಲ್ ಹಾಕುತ್ತೇನೆ. ಯಾವಾಗ ಯಾವುದು ಎಂದು ಹೇಳುವುದಿಲ್ಲ. ಅವರು ಕೇಳಿ ಹೇಳಬೇಕು, ಅವರ ಹೆಂಡತಿ ಬರೆದುಕೊಳ್ಳಬೇಕು. ಆರು ಸಲ ಮಾಡಿದೆವು. ಆರೂ ಸಲ ಅವರು ಸರಿಯಾಗಿ ಹೇಳಿದರು.

ಗೆದ್ದವರ ಮುಖ ಅವರದಾಗಿರಲಿಲ್ಲ. “ನಾ ಸೋಲ್ಬೇಕಂತ ಕುಂತಿದ್ದೆ ತಂಗಿ,” ಎಂದರು. ಅವರ ಹೆಂಡತಿ ಚಹಾ ತಂದಿಟ್ಟರು. ನನಗೆ ಕುಡಿಯಲಾಗಲಿಲ್ಲ.

ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಕಾಲುವೆ ನೀರಿನ ಗದ್ದೆಗಳು, ಗಿರಣಿಗಳ ಹೊಟ್ಟಿನ ಗುಡ್ಡೆಗಳು ಹಿಂದೆ ಸರಿಯುತ್ತಿದ್ದವು. ನಾನು ಒಂದೇ ವಿಷಯ ಯೋಚಿಸುತ್ತಿದ್ದೆ. ನಮ್ಮವರಿಗೆ ಗೊತ್ತಿರಲಿಲ್ಲವೇ, ಅಥವಾ ಗೊತ್ತಿದ್ದೂ ಹಳ್ಳಿ ಕಡೆಯ ಮನೆಗೆ ಇಷ್ಟು ಸಾಕು ಎಂದುಕೊಂಡರೇ? ಹದಿನೆಂಟು ವರ್ಷ ಪಕ್ಕದಲ್ಲಿ ಕೂತವಳಿಗೆ ಇಂಥ ಅನುಮಾನ ಬಂತು. ಸತ್ತವರ ಮೇಲೆ ಅನುಮಾನ ಬಂದರೆ ಅದನ್ನು ಬಗೆಹರಿಸಲು ಯಾರೂ ಸಿಗುವುದಿಲ್ಲ. ಅವರು ಬದುಕಿದ್ದರೆ ಅಡುಗೆ ಮನೆಯಿಂದಲೇ ಕೂಗಿ ಕೇಳುತ್ತಿದ್ದೆ.

ಎರಡು ದಿನ ಅಂಗಡಿಯಲ್ಲಿ ಬೇರೆ ಕೆಲಸ ಮುಟ್ಟಲಿಲ್ಲ. ಪೆಟ್ಟಿಗೆಯ ಕೇಬಲ್ಲನ್ನು ಕೇಳಿ ತಂದಿದ್ದೆ. ಅದನ್ನು ಒಂದು ಹಳೆಯ ಪ್ಲೇಯರಿಗೆ ಹಾಕುತ್ತ, ತೆಗೆಯುತ್ತ, ಅವತ್ತು ಏನೇನು ಮಾಡಿದೆನೋ ಅದನ್ನೆಲ್ಲ ಕೈಯಲ್ಲಿ ಮತ್ತೆ ಮಾಡಿ ನೋಡಿದೆ. ಮೂರನೆಯ ದಿನ ಕೈಗೆ ತಿಳಿಯಿತು. ಆ ಕೇಬಲ್ಲಿನ ಪಿನ್ನಿಗೆ ಒಂದು ಲೋಹದ ಬಳೆ ಇದೆ. ಅದನ್ನು ತಿರುಪಿ ಬಿಗಿ ಮಾಡಬೇಕು. ನನ್ನ ವೈರನ್ನು ಒತ್ತಿದರೆ ಸಾಕು. ಹಾಗಾಗಿ ಪೆಟ್ಟಿಗೆಯ ಕೇಬಲ್ ಹಾಕಲು ನಾಲ್ಕೈದು ಸೆಕೆಂಡು ಹೆಚ್ಚು ಬೇಕು. ಸಾಹುಕಾರರು ಮೂವತ್ತು ವರ್ಷ ಗಿರಣಿಯಲ್ಲಿ ಕೂತವರು. ಕಚೇರಿಯಲ್ಲಿ ಊಟ ಮಾಡುತ್ತಿದ್ದರೂ ಯಾವ ಯಂತ್ರ ನಿಂತಿತು ಎಂದು ಕಿವಿಯಿಂದಲೇ ಹೇಳುವ ಮನುಷ್ಯ. ಅವರಿಗೆ ಅರಿವಿಲ್ಲದೆಯೇ ಅವರ ಕಿವಿ ನನ್ನ ಕೈ ತಡವಾಗುವುದನ್ನು ಎಣಿಸಿತ್ತು. ಅವರು ಗುರುತು ಹಿಡಿದದ್ದು ದನಿಯನ್ನಲ್ಲ, ನನ್ನನ್ನು.

ಮತ್ತೆ ಹೋದೆ. ಈ ಸಲ ಕಪಾಟಿನ ಮುಂದೆ ಸೀರೆಯ ಪರದೆ ಕಟ್ಟಿದೆ. ಪ್ರತಿ ಸಲ ಎರಡೂ ವೈರುಗಳನ್ನು ಪೂರ್ತಿ ಬಿಚ್ಚಿ, ಆಮೇಲೆ ಒಂದನ್ನು ಹಾಕಿ, ಸಾಹುಕಾರರ ಹೆಂಡತಿ ಗಡಿಯಾರ ನೋಡಿ ಒಂದು ನಿಮಿಷವಾಯಿತು ಎಂದ ಮೇಲಷ್ಟೇ ಹಾಡು. ಯಾವುದನ್ನು ಹಾಕಬೇಕೆಂದು ನಾನು ಆರಿಸಲಿಲ್ಲ. ಕುಂಕುಮದ ಬಟ್ಟಲಿನಲ್ಲಿ ಹಾಕಿದ್ದ ಚೀಟಿ ಹೇಳುತ್ತಿತ್ತು. ಹನ್ನೆರಡು ಸಲ ಮಾಡಿದೆವು. ಸಾಹುಕಾರರು ಸರಿಯಾಗಿ ಹೇಳಿದ್ದು ಐದು. ನಡುವೆ ಎರಡು ಸಲ ಅವರೇ ಮತ್ತೊಮ್ಮೆ ಹಾಕಲು ಹೇಳಿ, ಕಣ್ಣು ಮುಚ್ಚಿ ಕೇಳಿ, ಧೈರ್ಯವಾಗಿ ತಪ್ಪು ಹೇಳಿದರು.

ಬರೆದ ಹಾಳೆಯನ್ನು ಅವರು ಬಹಳ ಹೊತ್ತು ಹಿಡಿದುಕೊಂಡಿದ್ದರು. “ವೈರ್ ಅಲ್ಲ ಅಂದ್ರ, ನಮ್ಮವ್ವನ ದನಿ ಎಲ್ಲಿ ಹೋತು?”

ಅದಕ್ಕೆ ಉತ್ತರ ಸಿಗುವ ತನಕ ನಮ್ಮವರ ಹೆಸರು ಅರ್ಧವಷ್ಟೇ ಉಳಿದಂತೆ. ಸಾಹುಕಾರರು ಅಲ್ಲಿಂದಲೇ ಹೈದರಾಬಾದಿಗೆ ಫೋನ್ ಹಚ್ಚಿದರು. ಅಂಗಡಿಯವನು ಮರ್ಯಾದೆಯಿಂದಲೇ ಮಾತಾಡಿದ. ಹತ್ತು ಸಲ ಕೇಳಿದ ಕಿವಿ ದಣಿಯುತ್ತದೆ, ಇಂಥ ಪರೀಕ್ಷೆಯಲ್ಲಿ ಸೂಕ್ಷ್ಮ ತಿಳಿಯುವುದಿಲ್ಲ ಎಂದ. ಜೊತೆಗೆ, ಪ್ಲೇಯರಿನಲ್ಲಿರುವುದು ಪ್ರತಿ, ಪ್ರತಿ ಮಾಡುವಾಗಲೂ ಏನಾದರೂ ಹೋಗಿರಬಹುದು, ಮೂಲ ಸಿಕ್ಕರೆ ನೋಡಿ ಎಂದ. ಮೂಲದ ಮೆಮೊರಿ ಕಾರ್ಡು ದೇವದುರ್ಗದಲ್ಲಿ ಸಾಹುಕಾರರ ಅಕ್ಕನ ಹತ್ತಿರ ಇತ್ತು. ಸಾಯುವ ಮೊದಲು ತಾಯಿಯೇ ಅದನ್ನು ಮಗಳಿಗೆ ಕೊಡಿಸಿದ್ದರು. ನಾನೇ ಹೋಗಿ ತರುತ್ತೇನೆ ಎಂದೆ.

ದೇವದುರ್ಗದ ಮನೆ ಹಳೆಯದು, ಮಣ್ಣಿನ ಮಾಳಿಗೆ. ಸಾಹುಕಾರರ ಅಕ್ಕ ಬಾಗಿಲಲ್ಲೇ ನನ್ನ ಕೈ ಹಿಡಿದರು. ನನ್ನ ಸಂಕಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ, “ಉಂಡಿಯೇನವ್ವಾ?” ಎಂದಷ್ಟೇ ಕೇಳಿ ರೊಟ್ಟಿ ಹಚ್ಚಿಕೊಟ್ಟರು. ಊಟವಾದ ಮೇಲೆ ಒಳಗಿನ ಕೋಣೆಗೆ ಕರೆದೊಯ್ದರು. ಗೋಡೆಯುದ್ದಕ್ಕೂ ಹಲಗೆಯ ಮೇಲೆ ಕೌದಿಗಳು ಎದೆಯೆತ್ತರಕ್ಕೆ ಒಟ್ಟಿದ್ದವು. ಹಳೆಯ ಇಳಕಲ್ ಸೀರೆ, ಧೋತರ ಕೂಡಿಸಿ ಒತ್ತಾಗಿ ಹೊಲಿದ ದಪ್ಪನೆಯ ಕೌದಿಗಳು.

“ಇವು ನಮ್ಮವ್ವನವು,” ಎಂದರು ದನಿ ತಗ್ಗಿಸಿ. “ದಿನ ಮಾಡಿದ ಮ್ಯಾಲೆ ಸತ್ತವರ ಹಾಸಿಗಿ ಮನ್ಯಾಗ ಇಡಬಾರ್ದಂತ ಹಿರ್ಯಾರು ಹೊರಗ ಹಾಕಿಸಿದ್ರು. ದಾನ ಕೊಡ್ತೀನಂತ ಹೇಳಿ ತಂದೆ. ಕೊಡಾಕ ಮನಸಾಗಲಿಲ್ಲ. ತಮ್ಮಗ ಗೊತ್ತಿಲ್ಲ.”

ಅವರು ಕಾರ್ಡನ್ನು ತಮ್ಮ ಮಗಳು ಕೊಡಿಸಿದ ಅಂಗೈ ಅಗಲದ ಒಂದು ಅಗ್ಗದ ಸ್ಪೀಕರಿಗೆ ಹಾಕಿ ಹಚ್ಚಿದರು. ಏಳನೆಯ ಪದ ಬಂತು. ನಾನು ಎದ್ದು ನಿಂತೆ. ದಪ್ಪ ದನಿ ಆ ಡಬ್ಬಿಯಿಂದ ಹೊರಡುವಂತಿರಲಿಲ್ಲ, ಆದರೂ ಮುದುಕಿ ಹಲಗೆಯ ಪಕ್ಕದಲ್ಲೇ ಕೂತು ಹಾಡಿದಂತಿತ್ತು. ಬಾವಿ ಇಲ್ಲ, ತಗಡು ಇಲ್ಲ. ಕೊನೆಯ ನುಡಿ ಬರುವ ಹೊತ್ತಿಗೆ ನೀರು ಕುಡಿಯುವ ನೆಪ ಮಾಡಿ ಅಂಗಳಕ್ಕೆ ಹೋದೆ. ಬಾಗಿಲ ಆಚೆಯಿಂದ ಗಂಡು ದನಿಯೊಂದು ಬಂದು ಹೋದದ್ದು ತಿಳಿಯಿತು. ಮಾತು ತಿಳಿಯಲಿಲ್ಲ.

ಹೈದರಾಬಾದಿನವನ ಮಾತು ನಿಜವೇ ಇರಬೇಕು ಎನಿಸಿತು. ಪ್ರತಿ ಮಾಡುವಾಗ ಏನೋ ಕಳೆದಿದೆ. ಪ್ರತಿ ಮಾಡಿದ್ದು ನಮ್ಮವರೇ. ಕಾರ್ಡನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದೆ.

ಮಾನ್ವಿಗೆ ಮೂರನೆಯ ಸಲ ಹೋದಾಗ ನಮ್ಮವರ ಲ್ಯಾಪ್‌ಟಾಪು, ಡಿಜಿಟಲ್ ವೈರನ್ನು ನೇರವಾಗಿ ಒಳಗೆ ತೆಗೆದುಕೊಳ್ಳುವ ಅವರ ಚಿಕ್ಕ ಡಬ್ಬಿ ಎರಡನ್ನೂ ಒಯ್ದೆ. “ನನ್ನ ಕಿವಿ ಬಿಡು, ಮಷಿನ್ ಏನ್ ಹೇಳ್ತದ ನೋಡು,” ಎಂದಿದ್ದರು ಸಾಹುಕಾರರು. ಮೊದಲು ಕಾರ್ಡಿನ ಫೈಲನ್ನೂ ಪ್ಲೇಯರಿನ ಫೈಲನ್ನೂ ತಾಳೆ ನೋಡಿದೆ. ಒಂದು ಅಂಕಿಯೂ ಹೆಚ್ಚುಕಡಿಮೆ ಇಲ್ಲ. ನಮ್ಮವರು ಏನನ್ನೂ ಕಳೆದಿರಲಿಲ್ಲ.

ಆಮೇಲೆ ವೈರು. ಏಳನೆಯ ಪದವನ್ನು ಹಸಿರು ದಾರದ ವೈರಿನಿಂದ ಒಮ್ಮೆ, ಪೆಟ್ಟಿಗೆಯ ಕೇಬಲ್ಲಿನಿಂದ ಒಮ್ಮೆ ಲ್ಯಾಪ್‌ಟಾಪಿಗೆ ತುಂಬಿದೆ. ಎರಡನ್ನೂ ಸರಿಯಾಗಿ ಒಂದರ ಮೇಲೊಂದು ಕೂಡಿಸಿ, ಒಂದನ್ನು ತಲೆಕೆಳಗು ಮಾಡಿದೆ. ಇದು ನಮ್ಮವರು ಕಲಿಸಿದ ಉಪಾಯ. ಎರಡರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಆ ವ್ಯತ್ಯಾಸ ಮಾತ್ರ ಕೇಳಿಸುತ್ತದೆ. ವ್ಯತ್ಯಾಸವಿಲ್ಲದಿದ್ದರೆ ಒಂದು ಇನ್ನೊಂದನ್ನು ಅಳಿಸಿಹಾಕಿ ಏನೂ ಉಳಿಯುವುದಿಲ್ಲ. ಹಚ್ಚಿದೆ. ಸಾಹುಕಾರರು, ಅವರ ಹೆಂಡತಿ, ನಾನು, ಮೂವರೂ ಲ್ಯಾಪ್‌ಟಾಪಿನ ಪರದೆಯ ಮೇಲಿನ ನೇರ ಗೆರೆಯನ್ನು ನೋಡುತ್ತ ಕೂತೆವು. ವಾಲ್ಯೂಮು ಪೂರ್ತಿ ಏರಿಸಿದರೂ ಬರಿ ಮೌನ. ಪದದ ಆರೂ ನುಡಿ ಆ ಮೌನದಲ್ಲಿ ಕಳೆದವು. ಕೊನೆಗೆ ನಮ್ಮವರು ಮಾತಾಡುವ ಜಾಗವೂ ಬಂತು. ಮೂಲೆಯ ಸೆಕೆಂಡಿನ ಅಂಕಿ ನೋಡಿ ನನಗೆ ಗೊತ್ತಾಯಿತು. ಅಲ್ಲೂ ಗೆರೆ ಅಲುಗಲಿಲ್ಲ.

ಅಂಕಿ ಒಂದೇ ಸರಿ, ಅವು ಬರುವ ಹೊತ್ತು? ಸಾಹುಕಾರರು ಜಿಟ್ಟರ್ ಎಂಬ ಮಾತನ್ನು ಮರೆತಿರಲಿಲ್ಲ. ಅದಕ್ಕೆ ಕನ್ವರ್ಟರಿನ ಆಚೆ ಬದಿಯಿಂದ ನೋಡಬೇಕು. ಒಂದೇ ಶ್ರುತಿಯ ಸಪಾಟು ದನಿಯೊಂದನ್ನು ಎರಡೂ ವೈರಿನಿಂದ ಕಳಿಸಿ, ಹೊರಬಂದದ್ದನ್ನು ಲ್ಯಾಪ್‌ಟಾಪಿನಲ್ಲಿ ಚಿತ್ರವಾಗಿಸಿದೆ. ಹೊತ್ತು ತಪ್ಪುತ್ತಿದ್ದರೆ ನಡುವಿನ ಕಂಬದ ಎರಡೂ ಪಕ್ಕಕ್ಕೆ ಮರಿ ಕಂಬಗಳು ಏಳುತ್ತವೆ. ಎರಡು ಚಿತ್ರದಲ್ಲೂ ಒಂದೇ ಕಂಬ, ಸುತ್ತ ಬಯಲು.

ಅವರಿಗೆ ತಿಳಿಯುವಂತೆ ಗಿರಣಿಯ ಮಾತಿನಲ್ಲಿ ಹೇಳಿದೆ. ಲಾರಿಯಿಂದ ಭತ್ತದ ಚೀಲ ಇಳಿಸುವ ಹಮಾಲರಲ್ಲಿ ಒಬ್ಬ ಬಿರುಸಾಗಿ ಬರುತ್ತಾನೆ, ಒಬ್ಬ ಬೀಡಿ ಹಚ್ಚಿಕೊಂಡು ತಡವಾಗಿ ಬರುತ್ತಾನೆ. ಹಾಗೆಂದು ಯಂತ್ರಕ್ಕೆ ಭತ್ತ ಬೀಳುವುದು ಏರುಪೇರಾಗುವುದಿಲ್ಲ, ನಡುವೆ ಗೋದಾಮಿದೆ. ಈ ಕನ್ವರ್ಟರಿನೊಳಗೂ ಒಂದು ಸಣ್ಣ ಗೋದಾಮಿದೆ, ಅದು ತನ್ನದೇ ಗಡಿಯಾರ ನೋಡಿ ಬಿಡುತ್ತದೆ. ಗೋದಾಮಿಲ್ಲದ ಹಳೆಯ ಯಂತ್ರವಾದರೆ ಈ ಮಾತು ಬೇರೆ, ಅದನ್ನು ನಾನು ಪರೀಕ್ಷಿಸಿಲ್ಲ. ವೈರು ಕೆಟ್ಟರೆ ಟಿಕ್ ಟಿಕ್ ಎನ್ನುತ್ತದೆ, ಇಲ್ಲವೆ ಪೂರ್ತಿ ನಿಲ್ಲುತ್ತದೆ. ದನಿ ತೆಳುವಾಗುವುದಿಲ್ಲ.

“ನಿಮ್ಮವ್ರು ಮೋಸ ಮಾಡಿಲ್ಲ,” ಎಂದರು ಅವರು. ನಾನು ಬಯಸಿ ಬಂದಿದ್ದ ಮಾತು ಅದು. ಆದರೆ ಅವರು ಫೋಟೋದ ಕಡೆ ನೋಡುತ್ತಿದ್ದರು. “ಆದ್ರ ನಮ್ಮವ್ವ ಹಂಗ ಬಾವ್ಯಾಗ ಅದಾಳಲ್ಲ.”

ಪೆಟ್ಟಿಗೆಯ ಕೇಬಲ್ಲನ್ನೇ ಹಾಕಿ, ಈಗ ಸರಿಯಾಯಿತು ನೋಡಿ ಎಂದು ಹೇಳಿ ಬಂದಿದ್ದರೆ ಅವರು ಬಹುಶಃ ನಂಬುತ್ತಿದ್ದರು. ಒಮ್ಮೆ ಬಾಯಿಗೂ ಬಂದಿತ್ತು. ಗೊತ್ತಿಲ್ಲ ಎಂದು ಹೇಳಿ ಹೊರಟೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಚಹಾಕ್ಕೆ ಇಡುವಾಗ ಪಾತ್ರೆಯ ಮುಚ್ಚಳ ಕೈಜಾರಿ ಬಿತ್ತು. ಅದರ ಸದ್ದು ಗೋಡೆಯಿಂದ ಗೋಡೆಗೆ ಹೋಗಿ ಬಂತು. ನಾಲ್ಕು ತಿಂಗಳಿಂದ ಮನೆ ಹೀಗೇ ಗುಂಯ್ ಎನ್ನುತ್ತಿತ್ತು. ಕೆಮ್ಮಿದರೂ, ಚಪ್ಪಲಿ ಬಿಟ್ಟರೂ. ಅದನ್ನು ನಾನು ದುಃಖ ಎಂದುಕೊಂಡಿದ್ದೆ. ಮನುಷ್ಯ ಹೋದ ಮನೆ ಹೀಗೇ ಎಂದುಕೊಂಡಿದ್ದೆ. ಮುಚ್ಚಳ ಎತ್ತಲು ಬಗ್ಗಿದಾಗ ಮೂಲೆ ಕಣ್ಣಿಗೆ ಬಿತ್ತು. ಅಲ್ಲಿ ಅವರ ಗಾದಿ, ಎರಡು ಕೌದಿ, ಬಟ್ಟೆಯ ಗಂಟು ಇರುತ್ತಿದ್ದವು. ಹನ್ನೊಂದನೆಯ ದಿನ ಎಲ್ಲವನ್ನೂ ತೆಗೆದು ಕೊಟ್ಟಿದ್ದೆವು.

ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ಹೊಡೆದೆ. ಅದು ನಾಲ್ಕು ಗೋಡೆ ಮುಟ್ಟಿ ವಾಪಸು ಬಂತು. ಅವರು ತಲೆ ವಾರೆ ಮಾಡಿ ಕೇಳುತ್ತಿದ್ದದ್ದು ಇದನ್ನೇ. ಮೂರು ಸಲ ಮಾನ್ವಿಗೆ ಹೋಗಿ, ವೈರು ತೂಗಿ, ಅಂಕಿ ತಾಳೆ ನೋಡಿ, ಮೊದಲು ಮಾಡಬೇಕಾದ ಒಂದು ಕೆಲಸವನ್ನು ನಾಚಿಕೆಗೆ ಬಿಟ್ಟಿದ್ದೆ. ಒಲೆ ಆರಿಸಿ ದೇವದುರ್ಗಕ್ಕೆ ಫೋನ್ ಮಾಡಿದೆ.

ಸಾಹುಕಾರರ ಅಕ್ಕ ಮಾರನೆಯ ಮಧ್ಯಾಹ್ನ ಟಂಟಂ ಆಟೋದಲ್ಲಿ ಕೌದಿಗಳನ್ನು ಹೇರಿಕೊಂಡು ಮಾನ್ವಿಗೆ ಬಂದರು. ನಾನು ಮೊದಲೇ ಬಂದು ಕೂತಿದ್ದೆ. ಗಂಟು ಬಿಚ್ಚುವ ಮೊದಲು ಪಡಸಾಲೆಯ ನಡುವೆ ಹೋಗಿ ನಿಂತೆ. ಎಲ್ಲರೂ ನೋಡುತ್ತಿದ್ದರು. ಚಪ್ಪಾಳೆ ಹೊಡೆದೆ. ಗ್ರಾನೈಟ್ ನೆಲ, ಬರಿ ಗೋಡೆ, ಗಾಜಿನ ಕಿಟಕಿ; ಸದ್ದು ತಗಡಿನ ಮೇಲೆ ಕಲ್ಲು ಉರುಳಿದಂತೆ ಉರುಳಿತು. ಸಾಹುಕಾರರ ಹೆಂಡತಿ ಬೆಚ್ಚಿ ಫೋಟೋ ಕಡೆ ನೋಡಿದರು.

“ಏನ್ ಮಾಡಾಕತ್ತೀ ತಂಗಿ?” ಎಂದರು ಸಾಹುಕಾರರು.

“ನಮ್ಮವ್ರು ಮೊದ್ಲು ಇದನ್ನ ಮಾಡ್ತಿದ್ರು. ನಾ ಬಿಟ್ಟಿದ್ದೆ,” ಎಂದೆ. ನೀವು ಹಾಡು ತುಂಬಿಸಿದಾಗಲೂ ಸೆಟ್ಟು ಜೋಡಿಸಿದಾಗಲೂ ಈ ಗೋಡೆಗೆ ಮಂಚ ಇತ್ತು, ಗಾದಿ ಇತ್ತು, ಮೇಲೆ ಹದಿನಾಲ್ಕು ಕೌದಿ ಇದ್ದವು, ಹೆಚ್ಚಾದ ದನಿಯನ್ನು ಅವು ಕುಡಿಯುತ್ತಿದ್ದವು, ಈಗ ಆ ದನಿಗೆ ಹೋಗಲು ಜಾಗವಿಲ್ಲದೆ ಕಲ್ಲಿಗೆ ಬಡಿದು ಬರುತ್ತಿದೆ ಎಂದು ವಿವರಿಸಿದೆ.

ಸಾಹುಕಾರರಿಗೆ ಅರ್ಥವಾಯಿತು. ಆದರೆ ಗಂಟಿನ ಕಡೆ ಕೈ ಹೋಗಲಿಲ್ಲ. ಹೊರಗೆ ಹಾಕಿದ್ದನ್ನು ಒಳಗೆ ತರುವುದು ಹೇಗೆ, ಹಿರಿಯರು ಕೇಳಿದರೆ ಏನು ಹೇಳುವುದು ಎಂದು ಗೊಣಗಿದರು. ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದರು.

“ಲೇ ತಮ್ಮಾ, ಇವುಗಳ ಮ್ಯಾಲೆ ಉಚ್ಚಿ ಹೊಯ್ದು ದೊಡ್ಡಾವಾದವ ನೀನು. ಈಗ ನಿನ್ನ ಕಲ್ಲಿನ ನೆಲಕ್ಕ ಅವ್ವನ ಕೌದಿ ಮೈಲಿಗಿ ಆದ್ವೇನು? ಹಿರ್ಯಾರು ಬಂದ್ರ ನನ್ನ ಕಡಿ ಕಳಸು.”

ಅವರೇ ಗಂಟು ಬಿಚ್ಚಿದರು. ನಾನು ಕೇಳಿದಂತೆ ಹಿಂದಿನ ಗೋಡೆಗೆ ಬೆಂಚು ಎಳೆದು ಎಂಟನ್ನು ಒಟ್ಟಿದೆವು, ಎರಡನ್ನು ಸ್ಪೀಕರುಗಳ ಮುಂದೆ ನೆಲಕ್ಕೆ ಹಾಸಿದೆವು, ಉಳಿದವನ್ನು ಗಾಜಿನ ಕಿಟಕಿಗೆ ತೂಗುಹಾಕಿದೆವು. ಸಾಹುಕಾರರು ಕೊನೆಗೆ ತಾವೂ ಒಂದು ತುದಿ ಹಿಡಿದರು. ಹಿಡಿದಾಗ ಅದನ್ನು ಮೂಗಿನ ಹತ್ತಿರ ಒಯ್ದದ್ದನ್ನು ನಾನು ನೋಡದಂತೆ ತಿರುಗಿದೆ. ಮರದ ಪೆಟ್ಟಿಗೆಯನ್ನು ಹೈದರಾಬಾದಿಗೆ ವಾಪಸು ಕಳಿಸಲು ಎತ್ತಿಟ್ಟು, ಹಸಿರು ದಾರದ ವೈರನ್ನು ನನ್ನ ಕೈಯಿಂದಲೇ ಹಾಕಿಸಿದರು. ಮತ್ತೊಂದು ಚಪ್ಪಾಳೆ ಹೊಡೆದೆ. ಅದು ಹೊಡೆದ ಜಾಗದಲ್ಲೇ ಬಿತ್ತು.

ಏಳನೆಯ ಪದ ಹಾಕಿದೆ. ಎರಡು ವರ್ಷದ ಹಿಂದಿನಂತೆ ಪೂರ್ತಿ ಆಗಿರಲಿಲ್ಲ. ಆದರೆ ಬಾವಿ ಹೋಗಿತ್ತು. ಮುದುಕಿ ಉಸಿರು ಎಳೆದುಕೊಳ್ಳುವುದು, ನಡುವೆ ತುಟಿ ತೇವ ಮಾಡಿಕೊಳ್ಳುವುದು ಕೇಳಿಸಿತು. ಸಾಹುಕಾರರು ಕುರ್ಚಿ ಬಿಟ್ಟು ನೆಲದ ಕೌದಿಯ ಮೇಲೆ ಕಾಲು ಮಡಚಿ ಕೂತರು. ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಕೊನೆಯ ನುಡಿ ಬಂತು. ರಿಮೋಟು ನನ್ನ ಕೈಯಲ್ಲೇ ಇತ್ತು. ಅವರಿಬ್ಬರೂ ಹಾಗೆ ಕೂತಿರುವಾಗ ನನಗೆ ಅದನ್ನು ಒತ್ತಲಾಗಲಿಲ್ಲ.

ಪದ ಮುಗಿದು ಸ್ವಲ್ಪ ಮೌನ. ಆಮೇಲೆ ಬಲಗಡೆಯ ಸ್ಪೀಕರಿನ ಹತ್ತಿರದಿಂದ, ಅವತ್ತು ಅವರು ಕೂತಿದ್ದ ಕಡೆಯಿಂದಲೇ, ನಮ್ಮವರು ಮಾತಾಡಿದರು.

“ಸಾಕ್ರಿ ಯವ್ವಾ, ಜರಾ ನೀರ್ ಕುಡೀರಿ.” ಆಮೇಲೆ ತಗ್ಗಿದ ದನಿಯಲ್ಲಿ, ನನಗೆ: “ವೈರ್ ಸರಿ ಅದ ಏನ್ ನೋಡು.”

“ಸರಿ ಅದ,” ಎಂದಳು ಆ ರೆಕಾರ್ಡಿನಲ್ಲಿದ್ದ ನಾನು. ಅಲ್ಲಿಗೆ ನಿಂತಿತು.

ಹೊರಗೆ ಗಿರಣಿಯ ಸದ್ದು ಮಾತ್ರ. ಸಾಹುಕಾರರು ನನ್ನ ಕಡೆ ನೋಡದೆಯೇ, ಇನ್ನೊಮ್ಮೆ ಹಾಕಲೇನು ಎಂದು ಕೇಳಿದರು.

“ಹಾಕ್ರಿ,” ಎಂದೆ. ರಿಮೋಟನ್ನು ಅವರ ಕೈಗೆ ಕೊಟ್ಟೆ.